ಮೂತಿಯ ಕೆಳಗಿನ ಸುಕ್ಕು

ಮಿಡತೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿಗೆ ಹೋಗುವುದು, ಪರದೆ ಸರಿಸುವುದು, ಬೀದಿಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ವಾಪಸು ಬಂದು ಮಂಚದ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುವುದು. ಚಿಕ್ಕಂದಿನಿಂದಲೂ ಹೀಗೆಯೇ, ಆ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. ಆದರೆ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯಿಂದ ರಜೆಗೆಂದು ಬಂದ ಮೇಲೆ ಅವಳ ಚಡಪಡಿಕೆಯೇ ಬೇರೆಯಾಗಿತ್ತು. ಫೋನು ಸದ್ದಾದರೆ ಬೆಚ್ಚುತ್ತಿದ್ದಳು. ಪರೀಕ್ಷೆಯ ಹಾರಾಟ ಯಾವಾಗ ಎಂದು ಕೇಳಿದರೆ ‘ನೋಡೋಣ’ ಎನ್ನುತ್ತಿದ್ದಳು.

ಅಕ್ಕನಿಗೆ ಹೆಚ್ಚು ಕೇಳುವ ಪುರಸೊತ್ತಿರಲಿಲ್ಲ, ಧೈರ್ಯವಿರಲಿಲ್ಲವೋ ಏನೋ. ಅವಳು ಹಲ್ಲು ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಅಳೆದು, ಲ್ಯಾಬಿನ ತ್ರೀಡಿ ಪ್ರಿಂಟರಿನಲ್ಲಿ ರೆಸಿನ್ ಎಂಬ ಅಂಟುದ್ರವದಿಂದ ಹಲ್ಲು, ದವಡೆಗಳನ್ನು ಪ್ರಿಂಟ್ ಮಾಡುವುದು ಅವಳ ಕೆಲಸ. ಲ್ಯಾಬು ಮೂಲೆಗೆಸೆದ ಹಳೆಯ ಪ್ರಿಂಟರನ್ನು ಮನೆಗೆ ತಂದು, ತಂಗಿ ಮೊದಲ ಸಲ ಒಬ್ಬಳೇ ಹಾರಿಸಿದ ವಿಮಾನದ ಪುಟ್ಟ ಮಾದರಿ ಮಾಡಲು ಕೂತಿದ್ದಳು. ಯಾವುದೋ ವಿಮಾನವಲ್ಲ, ಅದೇ ವಿಮಾನ. ಬಾಗಿಲ ಹಿಡಿಯ ಪಕ್ಕ ಬಣ್ಣ ಎದ್ದುಹೋದ ಜಾಗ, ಸೀಟಿನ ಹೊಲಿಗೆ, ಮುಟ್ಟಿದರೆ ಮುರಿಯುವಂಥ ಆಂಟೆನಾ, ಎಲ್ಲ ಬೇಕು. ಫೋಟೋ ಕಳಿಸು ಎಂದು ಕೇಳಿದಾಗ ತಂಗಿ ಹಿಂದೆ ಮುಂದೆ ನೋಡದೆ ಫೋನಿನಲ್ಲಿದ್ದದ್ದನ್ನೆಲ್ಲ ಸುರಿದು ಕಳಿಸಿದ್ದಳು.

ಕೋಣೆಯ ತುಂಬ ಸ್ಪಿರಿಟ್ ವಾಸನೆ. ಪ್ರಿಂಟರಿನಿಂದ ಅಂಟಂಟಾಗಿ ಇಳಿದ ಭಾಗಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಆಸರೆಯ ಕಡ್ಡಿಗಳನ್ನು ಕತ್ತರಿಸಿ, ನೇರಳೆ ಬೆಳಕಿನ ಡಬ್ಬಿಯಲ್ಲಿಟ್ಟರೆ ಗಟ್ಟಿಯಾಗುತ್ತವೆ. ಅವಸರ ಮಾಡಿದರೆ ಕೆಡುತ್ತವೆ. ಮೊದಲು ಮಾಡಿದ ರೆಕ್ಕೆಯೊಂದು ಹಳೆಯ ಚಪ್ಪಲಿಯಂತೆ ಸೊಟ್ಟಗಾಗಿ ಕಸದ ಬುಟ್ಟಿ ಸೇರಿತ್ತು.

“ಒಬ್ಬಳು ಹಲ್ಲು ಮಾಡ್ತಾಳೆ, ಇನ್ನೊಬ್ಬಳು ಹಾರಾಡ್ತಾಳೆ,” ಅಮ್ಮ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಳು. “ಕಸ ಗುಡಿಸೋಕೆ ಮೂರನೆಯವಳನ್ನ ಹೆರಬೇಕಿತ್ತು ನಾನು.”

“ಈಗಲೂ ತಡ ಆಗಿಲ್ಲ ಬಿಡಮ್ಮ,” ಎಂದಳು ಅಕ್ಕ.

“ನಿನ್ನ ಬಾಯಿಗಿಷ್ಟು,” ಎನ್ನುತ್ತ ಅಮ್ಮ ಅಡುಗೆಮನೆಗೆ ಹೋದಳು.

ಅಕ್ಕ ಪುಟ್ಟ ವಿಮಾನದ ಮೂತಿಯ ಭಾಗವನ್ನು ಒಡಲಿಗೆ ಅಂಟಿಸಿ, ಉಸಿರು ಬಿಗಿಹಿಡಿದು ಎಣಿಸಿ, ಕೈ ತೆಗೆದಳು.

“ಏಯ್ ಮಿಡತೆ, ಬಾರೇ ಇಲ್ಲಿ.”

ವಿಮಾನವನ್ನು ಅಂಗೈಯಲ್ಲಿ ಮಗುಚಿ ತೋರಿಸಿದಳು. “ಎಂಜಿನ್ ಹಿಂದೆ, ಹೊಟ್ಟೆ ತಗಡಲ್ಲಿ ನೋಡು. ಸಣ್ಣ ಸುಕ್ಕು. ಇದನ್ನ ತರೋಷ್ಟರಲ್ಲಿ ನನ್ನ ಜೀವ ಹೋಯ್ತು. ಮುಂದಿನ ಚಕ್ರದ ಕಾಲೂ ಒಂಚೂರು ವಾಲಿದೆ. ಫೋಟೋದಲ್ಲಿ ಹೇಗಿತ್ತೋ ಹಾಗೇ.”

ಬಂದ ಅಚ್ಚನ್ನು ತಿದ್ದಬಾರದು ಎಂಬುದು ಲ್ಯಾಬಿನ ಮೊದಲ ಪಾಠ. ಸೊಟ್ಟ ದವಡೆ ಸೊಟ್ಟಗೇ ಬರಬೇಕು, ಅಂದ ಮಾಡಹೋದರೆ ಹಲ್ಲು ಬಾಯಿಗೆ ಕೂರುವುದಿಲ್ಲ. ಸುಕ್ಕು ಎಷ್ಟಿದೆ ಎಂದು ಅಕ್ಕ ಅಳೆದಿದ್ದಳು. ಯಾಕಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಿಡತೆ ಅಲ್ಲಾಡದೆ ನಿಂತಳು. “ಅದು ಮೊದಲಿರಲಿಲ್ಲ, ಅಕ್ಕ.”

“ಯಾವುದು?”

“ಸುಕ್ಕು. ನಾನು ಮಾಡಿದ್ದು.”

ಒಬ್ಬಳೇ ಹಾರಿಸಿದ್ದ ದಿನ ತೀರ ವೇಗವಾಗಿ ಇಳಿದಳಂತೆ. ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿಯಿತು, ವಿಮಾನ ಪುಟಿದು ಮತ್ತೆ ಬಿತ್ತು. “ನನ್ನ ಥರಾನೇ ನೆಗೀತು,” ಎಂದು ನಗಲು ನೋಡಿದಳು, ಆಗಲಿಲ್ಲ. ವಿಮಾನ ನಿಲ್ಲಿಸಿದ ಮೇಲೆ ಕೆಳಗೆ ಬಗ್ಗಿ ನೋಡಿದ್ದಳು, ಫೋಟೋ ತೆಗೆದುಕೊಂಡಿದ್ದಳು, ಯಾರಿಗೂ ಹೇಳದೆ ಬಂದಿದ್ದಳು.

“ಹೇಳಿದ್ರೆ ಪರೀಕ್ಷೆಗೆ ಕೂರಿಸಲ್ಲ. ಶಾಲೆಯಿಂದಲೇ ತೆಗೆದುಹಾಕಿದ್ರೂ ಹಾಕಬಹುದು.”

“ಈಗ ಆ ವಿಮಾನ?”

“ಹಾರಿಸ್ತಿದಾರೆ. ಮಲಗಿ ನೋಡಿದ್ರಷ್ಟೇ ಕಾಣುತ್ತೆ ಅದು.”

“ಸುಕ್ಕಿದ್ರೆ ಏನಾಗುತ್ತೆ?”

“ಎಂಜಿನ್ ಕೂರಿಸಿರೋ ಒಳಗೋಡೆ ಬಗ್ಗಿದೆ ಅಂತ ಅರ್ಥ. ಇನ್ನೊಂದು ಸಲ ಯಾರಾದ್ರೂ ಜೋರಾಗಿ ಇಳಿಸಿದ್ರೆ ಮುಂದಿನ ಚಕ್ರ ಮುರಿದು ಮೂತಿ ನೆಲಕ್ಕೆ…”

ಅಕ್ಕನ ಕೈ ತಾನಾಗಿಯೇ ಸ್ಯಾಂಡ್‌ಪೇಪರಿನ ಕಡೆ ಹೋಯಿತು. ಮಾದರಿಯ ಸುಕ್ಕನ್ನು ಉಜ್ಜಿಬಿಟ್ಟರೆ ಮುಗಿಯಿತಲ್ಲ, ತಂಗಿ ಪರೀಕ್ಷೆ ಮುಗಿಸಿ ಪೈಲಟ್ ಆಗಿಯೇ ಆಗುತ್ತಾಳೆ. ಹಾಗೆ ಯೋಚಿಸಿದ್ದಕ್ಕೆ ನಾಚಿ ಕೈ ಹಿಂತೆಗೆದಳು.

“ಶಾಲೆಗೆ ಫೋನ್ ಮಾಡು.”

“ಸಂಜೆ ಮಾಡ್ತೀನಿ.”

“ಸಂಜೆವರೆಗೆ ಅದನ್ನ ಯಾರು ಹಾರಿಸ್ತಾರೆ?”

ಮಿಡತೆ ಉಗುರು ಕಚ್ಚಿದಳು. “ಹಾಸ್ಟೆಲಲ್ಲಿ ನನ್ನ ಕೋಣೇಲಿರೋಳು.”

“ಆ ಗೊರಕೆ ರಾಣಿನಾ?”

“ಹ್ಞೂಂ.”

ತಂಗಿ ಪ್ರತಿ ಸಲ ಮನೆಗೆ ಬಂದಾಗಲೂ ಅಣಕಿಸಿ ತೋರಿಸುತ್ತಿದ್ದ ಆ ಗೊರಕೆ ಇಬ್ಬರಿಗೂ ನೆನಪಾಗಿರಬೇಕು. ಮಿಡತೆ ಫೋನು ಎತ್ತಿಕೊಂಡಳು.

ಹಾರಾಟ ಕಲಿಸುವ ಕ್ಯಾಪ್ಟನ್ ಸಿಕ್ಕರು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

“ನಿನ್ನ ಕೋಣೆಯವಳೇ ಈಗ ಅದರಲ್ಲಿ ಮೇಲಿದ್ದಾಳೆ,” ಎಂದರು. “ಫೋನ್ ಇಡಬೇಡ.”

ಆಮೇಲೆ ಓಡುವ ಹೆಜ್ಜೆ, ಬಾಗಿಲು, ರೇಡಿಯೋದ ಗರಗರ. ಏನು ಹೇಳುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಅಕ್ಕ ಮಾದರಿಯ ಕೆಟ್ಟುಹೋದ ಪುಟ್ಟ ಬಾಗಿಲೊಂದನ್ನು ಹಿಡಿದು ಕಡ್ಡಿ ಕತ್ತರಿಸತೊಡಗಿದಳು. ಕಡ್ಡಿಗಳು ಮುಗಿದ ಮೇಲೆ ಬಾಗಿಲನ್ನೇ ಕತ್ತರಿಸಿದಳು. ಮಿಡತೆ ಫೋನನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು. ‘ನಿಧಾನ, ಮೂತಿ ಎತ್ತು, ಮೂತಿ ಎತ್ತೇ’ ಎಂದು ಅವಳ ತುಟಿ ಅಲ್ಲಾಡುತ್ತಿತ್ತು.

“ಇಳಿದ್ಲು,” ಕ್ಯಾಪ್ಟನ್ ದನಿ ಬಂತು. “ಮೆತ್ತಗೆ ಇಳಿಸಿದ್ಲು.” ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. “ನಾಳೆ ಬಾ. ಆ ಸುಕ್ಕನ್ನ ಎಲ್ಲರ ಮುಂದೆ ನೀನೇ ತೋರಿಸಬೇಕು.”

“ಪರೀಕ್ಷೆ, ಸರ್?”

“ಅದರ ಮಾತು ಎತ್ತಬೇಡ ಈಗ.”

ಫೋನ್ ಕಟ್ಟಾಯಿತು. ಮಿಡತೆ ಮಂಚದ ಕೆಳಗಿಂದ ಚೀಲ ಎಳೆದು, ಬಟ್ಟೆಗಳನ್ನು ಮಡಿಸದೆ ತುರುಕಲು ಶುರುಮಾಡಿದಳು.

“ತೆಗೆದುಹಾಕ್ತಾರಾ?” ಅಕ್ಕ ಕೇಳಿದಳು.

“ಹಾಕಬಹುದು.”

“ಅಮ್ಮಂಗೆ ಏನು ಹೇಳೋದು?”

“ನಾನೇ ಹೇಳ್ತೀನಿ. ನೀನು ನಡುವೆ ಬಾಯಿ ಹಾಕಬೇಡ.” ಚೀಲವನ್ನು ಅರ್ಧಕ್ಕೇ ಬಿಟ್ಟು ಎದ್ದು ಅಡುಗೆಮನೆಗೆ ಹೋದಳು.

ಅಕ್ಕ ಕೂತಲ್ಲೇ ಕಿವಿಗೊಟ್ಟಳು. ಅಲ್ಲಿ ನಲ್ಲಿ ಸುರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಯಾರೋ ಅದನ್ನು ನಿಲ್ಲಿಸಿದರು, ‘ಅಮ್ಮಾ’ ಎಂದು ಮಿಡತೆಯ ದನಿ ಕೇಳಿಸಿತು.