ಅಡುಗೆಮನೆಗೆ ಬೆನ್ನು ಹಾಕಿ

ಮೂರು ದಿನದ ಪ್ರವಾಸಕ್ಕೆ ಹೊರಡುವ ಮುಂಚೆ ಅವಳು ಗಂಡನ ಹತ್ತಿರ ಕೇಳಿದ್ದು ಒಂದೇ ಒಂದು. ಬಟ್ಟೆಬರೆ ಬೇಡ, ಸಿನಿಮಾ ಬೇಡ, ದೋಣಿಯಲ್ಲಿ ಸುತ್ತುವುದೂ ಬೇಡ.

"ಒಂದು ಹೊತ್ತು ಎಲ್ಲಾದ್ರೂ ಕೂತು ಬಿಸಿ ಊಟ ಮಾಡ್ಬೇಕು ರೀ. ಬೇರೆಯವರು ಮಾಡಿದ್ದು, ಬೇರೆಯವರು ಬಡಿಸಿದ್ದು. ಮುಗಿಯೋವರೆಗೂ ನಾನು ಏಳಬಾರದು."

"ಅಷ್ಟೇನಾ? ಅದೇನು ಬ್ರಹ್ಮವಿದ್ಯೆಯಾ?" ಎಂದು ಗಂಡ ನಕ್ಕುಬಿಟ್ಟ.

ಅವಳು ನರ್ಸುಗಳ ಹಾಸ್ಟೆಲಿನ ಮೆಸ್ಸಿನಲ್ಲಿ ಹದಿನೆಂಟು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಹೊತ್ತಿಗೆ ಎಂಭತ್ತು ತಟ್ಟೆ. ಹುಡುಗಿಯರೆಲ್ಲ ಅವಳನ್ನು ಮೆಸ್ಸಕ್ಕ ಎಂದೇ ಕರೆಯುತ್ತಿದ್ದರು. ಒಂದು ಪಾಳಿಯವರು ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಪಾಳಿಯವರು ತಟ್ಟೆ ಹಿಡಿದು ನಿಂತಿರುತ್ತಿದ್ದರು. ಈ ಸಂದಿಯಲ್ಲೇ ಮೆಸ್ಸಕ್ಕ ಒಲೆಯ ಪಕ್ಕ ನಿಂತು ನಾಲ್ಕು ತುತ್ತು ನುಂಗಿಕೊಳ್ಳುತ್ತಿದ್ದಳು. ಮನೆಯಲ್ಲೂ ಅದೇ ಹಣೆಬರಹ. ಕೂತರೆ ಸಾಕು, ಯಾರೋ ಏನೋ ಕೇಳುತ್ತಾರೆ ಎನ್ನುವುದು ಅವಳ ಮೊಣಕಾಲುಗಳಿಗೇ ಬಾಯಿಪಾಠವಾಗಿತ್ತು. ಈ ಊಟಕ್ಕೆಂದು ಅವಳು ವರ್ಷವಿಡೀ ರಜೆಯ ದಿನಗಳ ಹೆಚ್ಚುವರಿ ಕೆಲಸ ಮಾಡಿ ಸ್ವಲ್ಪ ಕೂಡಿಟ್ಟಿದ್ದಳು. ರಾಜಭೋಗಕ್ಕೆ ಸಾಲುವಷ್ಟಲ್ಲ. ಆದರೆ ಒಂದು ಸಾಧಾರಣ ಹೋಟೆಲಿನಲ್ಲಿ ಮೂರು ಜನ ಮರ್ಯಾದೆಯಾಗಿ ಉಂಡು ಎದ್ದು ಬರಬಹುದಿತ್ತು. ಆ ದುಡ್ಡನ್ನು ಗಂಡನ ಕೈಗೆ ಕೊಟ್ಟಿದ್ದೇ ಅವಳ ಮೊದಲ ತಪ್ಪು.

ಗಂಡ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡುವವನು. ಇಪ್ಪತ್ತಾರು ವರ್ಷ ಅದೇ ಕೆಲಸ. ಅವನ ಕಣ್ಣಿಗೆ ಲೋಕದಲ್ಲಿರುವುದು ಎರಡೇ ಜಾತಿ: ಟಿಕೆಟ್ ತೆಗೆದುಕೊಂಡವರು ಮತ್ತು ತೆಗೆದುಕೊಂಡ ಹಾಗೆ ಮುಖ ಮಾಡಿಕೊಂಡು ಕಿಟಕಿಯಾಚೆ ನೋಡುವವರು. ಹೋಟೆಲಿನವರೆಲ್ಲ ಎರಡನೆಯ ಜಾತಿ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಈ ಪ್ರವಾಸ ಬಂದದ್ದೂ ಅವನ ನೌಕರಿಯ ಪಾಸಿನಿಂದಲೇ. ವರ್ಷಕ್ಕೊಮ್ಮೆ ಮೂವರು ಪುಕ್ಕಟೆ ಪ್ರಯಾಣ ಮಾಡಬಹುದು. ಇಬ್ಬರೇ ಹೋದರೆ ಒಂದು ಸೀಟು ದಂಡವಾಗುತ್ತದಲ್ಲ? ಅದಕ್ಕೇ ತನ್ನ ಅಕ್ಕನನ್ನೂ ಹೊರಡಿಸಿದ. ಅತ್ತಿಗೆ ಹೊರಟಳು, ಅವಳ ಹಿಂದೆ ಏಳು ಡಬ್ಬಿಗಳೂ ಹೊರಟವು.

"ಹೊರಗಡೆ ಊಟ ನಂಬೋ ಹಾಗಿಲ್ಲಮ್ಮ," ಎಂದಳು ಅತ್ತಿಗೆ, ಡಬ್ಬಿಯ ಚೀಲವನ್ನು ಮೆಸ್ಸಕ್ಕನ ತೊಡೆಯ ಮೇಲಿಡುತ್ತ.

ಮೊದಲ ದಿನ ಮಧ್ಯಾಹ್ನ ಗಾಜಿನ ಬಾಗಿಲಿನ ಒಂದು ಹೋಟೆಲಿಗೆ ಹೋದರು. ಒಳಗೆ ಕಾಲಿಡುತ್ತಲೇ ಬೆಣ್ಣೆಯಲ್ಲಿ ಹುರಿದ ಮೀನಿನ ಘಮ. ಮೆಸ್ಸಕ್ಕ ಸುತ್ತ ನೋಡಿ, ಅಡುಗೆಮನೆಗೆ ಬೆನ್ನು ಬರುವಂಥ ಕುರ್ಚಿ ಹುಡುಕಿ ಕೂತಳು. ಎದುರಿಗೆ ಅಡುಗೆಮನೆಯ ಬಾಗಿಲು ಕಂಡರೆ ತನ್ನ ಕಣ್ಣು ಅಲ್ಲೇ ದುಡಿಯತೊಡಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅತ್ತಿಗೆಯೂ ಕೂತಳು. ಗಂಡ ಮಾತ್ರ ಕೂರಲಿಲ್ಲ. ಹಿಂದಿನ ಟೇಬಲ್ಲಿನಿಂದ ಶುರು ಮಾಡಿ, ಒಂದೊಂದಾಗಿ ಮುಂದಕ್ಕೆ ಬಂದ.

"ಏನು ತಗೊಂಡ್ರಿ? ಚೆನ್ನಾಗಿದೆಯಾ? ಇದಕ್ಕೆ ಎಷ್ಟು ಹಾಕಿದ್ರು?"

ಆ ದನಿಗೆ ಅದೆಂಥ ಅಧಿಕಾರವಿತ್ತೋ, ಬಾಯಲ್ಲಿ ಚಮಚ ಇಟ್ಟುಕೊಂಡಿದ್ದ ಗಂಡಸೊಬ್ಬ ತಡಬಡಿಸಿ ಅಂಗಿಯ ಜೇಬು ತಡಕಿದ. ಒಬ್ಬ ಮುದುಕಿ ಕೈಚೀಲ ಬಿಚ್ಚಿ ಹಳೆಯ ಬಸ್ ಟಿಕೆಟ್ಟನ್ನೇ ತೆಗೆದು ತೋರಿಸಿದಳು. ಅವನು ಅದನ್ನೂ ತಿರುಗಿಸಿ ನೋಡಿ ವಾಪಸ್ ಕೊಟ್ಟ.

"ಏಳಿ," ಎಂದ, ಬಂದವನೇ. "ಸೂಪು ಬರೀ ನೀರಂತೆ. ಮೂರನೇ ಟೇಬಲ್ಲಿನವರು ಹೇಳಿದ್ರು."

"ನನಗೆ ಸೂಪು ಬೇಡ. ಮೀನು ಸಾಕು."

"ಸೂಪಿನಲ್ಲಿ ಮೋಸ ಮಾಡೋನು ಮೀನಿನಲ್ಲಿ ಬಿಡ್ತಾನಾ?"

"ಅಲ್ವೇ ಮತ್ತೆ!" ಎಂದು ಅತ್ತಿಗೆ ಆಗಲೇ ಎದ್ದಾಗಿತ್ತು.

ಆವತ್ತು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನಿಂತು ಬನ್ನು ತಿಂದರು.

ಎರಡನೆಯ ದಿನ ಮೂರು ಹೋಟೆಲು ಹತ್ತಿ ಇಳಿದರು. ಒಂದರಲ್ಲಿ ಗಿರಾಕಿಗಳು ಕಡಿಮೆ, ಅಂದರೆ ರುಚಿ ಇಲ್ಲ. ಇನ್ನೊಂದರಲ್ಲಿ ಗಿರಾಕಿಗಳು ಹೆಚ್ಚು, ಅಂದರೆ ಬೆಲೆ ಏರಿಸಿರುತ್ತಾರೆ. ಮೂರನೆಯದರಲ್ಲಿ ಹೇಗೋ ಮುಂಗಡ ದುಡ್ಡು ಕೊಟ್ಟು ಊಟಕ್ಕೆ ಹೇಳುವವರೆಗೂ ಬಂತು. ಮೀನೂ ಬಂತು, ಸೂಪೂ ಬಂತು. ಮೇಲೆ ಆವಿ ಆಡುತ್ತಿತ್ತು. ಮೆಸ್ಸಕ್ಕ ಚಮಚ ತುಂಬಿ ತುಟಿಯವರೆಗೆ ತಂದಿದ್ದಳು. ಅಷ್ಟರಲ್ಲಿ ಗಂಡನ ಕಣ್ಣು ಪಕ್ಕದ ಟೇಬಲ್ಲಿನ ಮೀನಿನ ಮೇಲೆ ಬಿತ್ತು. ತಮ್ಮದಕ್ಕಿಂತ ಅದು ಎರಡು ಬೆರಳು ಉದ್ದ! ಒಂದೇ ದುಡ್ಡಿಗೆ ಎರಡು ಅಳತೆ! ಮ್ಯಾನೇಜರ್ ಬಂದ, ಮಾತಿಗೆ ಮಾತು ಬೆಳೆಯಿತು. ಕೊನೆಗೆ ಆ ಪುಣ್ಯಾತ್ಮ ಕೈ ಮುಗಿದು ದುಡ್ಡು ವಾಪಸ್ ಕೊಟ್ಟ, ಟೇಬಲ್ಲಿನ ಮೇಲಿದ್ದದ್ದನ್ನೆಲ್ಲ ತೆಗೆಸಿದ. ಅವಳ ಕೈಯಲ್ಲಿದ್ದ ಚಮಚವನ್ನೂ ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತನ್ನು ಇಷ್ಟು ಅಕ್ಷರಶಃ ಅನುಭವಿಸಿದವರು ಕಡಿಮೆ ಇರಬೇಕು.

"ನೋಡಿದ್ಯಾ, ಪೂರ್ತಿ ದುಡ್ಡು ವಾಪಸ್!" ಎಂದು ಗಂಡ ಬೀದಿಯುದ್ದಕ್ಕೂ ಬೀಗಿಕೊಂಡು ಬಂದ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಡಬ್ಬಿಗಳು ಬಿಚ್ಚಿಕೊಂಡವು. ಒಣಗಿದ ಬ್ರೆಡ್ಡು, ಬೆಂದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ.

"ಅತ್ತಿಗೆ, ಮೊಟ್ಟೆ ಕೆಟ್ಟಿದೆ."

"ಕೆಟ್ಟಿಲ್ಲ ಕಣೇ. ಕೆಡಲೋ ಬೇಡವೋ ಅಂತ ಯೋಚನೆ ಮಾಡ್ತಾ ಇದೆ. ಅದಕ್ಕೆ ಮುಂಚೆ ತಿಂದುಬಿಡು."

ತಿಂದಾದ ಮೇಲೆ ಏಳು ಡಬ್ಬಿಗಳನ್ನೂ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ತೊಳೆದವಳು ಮೆಸ್ಸಕ್ಕನೇ. ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಹೋಗಿತ್ತು. ಐದನೆಯ ಡಬ್ಬಿ ಉಜ್ಜುವಾಗ ಅವಳಿಗೆ ತನ್ನ ಮೇಲೇ ಎಂಥ ಕೋಪ ಬಂತೆಂದರೆ, ಮುಚ್ಚಳವನ್ನು ಗೋಡೆಗೆ ಕುಕ್ಕಿದಳು. "ಏನಾಯ್ತೇ?" ಎಂದಿತು ಹೊರಗಿನಿಂದ ಗಂಡನ ದನಿ. "ಜಾರ್ತು," ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಸಿಟ್ಟೆಲ್ಲ ಹೀಗೆ ಜಾರಿಯೇ ಹೋಗಿತ್ತು.

ಮೂರನೆಯ ದಿನ ಸಂಜೆ ಐದಕ್ಕೆ ವಾಪಸ್ ಹೋಗುವ ಬಸ್ಸು. ಉಳಿದದ್ದು ಮಧ್ಯಾಹ್ನದ ಒಂದು ಊಟ. ಬೆಳಿಗ್ಗೆಯೇ ಹೊರಗೆ ಹೋಗಿದ್ದ ಗಂಡ ಹನ್ನೊಂದು ಗಂಟೆಗೆ ಮುಖ ಅರಳಿಸಿಕೊಂಡು ಬಂದ.

"ಸಿಕ್ತು! ನಡೀರಿ. ಇವತ್ತು ನಾನು ಒಬ್ಬರನ್ನೂ ಏನೂ ಕೇಳಲ್ಲ. ಕಣ್ಣು ಮುಚ್ಚಿಕೊಂಡು ಊಟ ಮಾಡೋಣ."

ಲಾಡ್ಜಿನ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಹೋಟೆಲು. ಒಟ್ಟು ಆರು ಟೇಬಲ್ಲು, ಈಗಷ್ಟೇ ಒರೆಸಿದ ನೆಲ. ಅವರಿಗಾಗಿ ಮೂರು ತಟ್ಟೆಗಳನ್ನು ಮೊದಲೇ ಇಟ್ಟಿದ್ದರು. ಬೇರೆ ಯಾರೂ ಇರಲಿಲ್ಲ. ಮೆಸ್ಸಕ್ಕ ಅಡುಗೆಮನೆಗೆ ಬೆನ್ನು ಹಾಕಿ ಕೂತು, ಕಾಲುಗಳನ್ನು ಟೇಬಲ್ಲಿನ ಕೆಳಗೆ ಚಾಚಿದಳು. ಗಂಡನೂ ನಿಜವಾಗಿಯೇ ಕೂತ! ಅವಳಿಗೆ ಅವನ ಮೇಲೆ ಸ್ವಲ್ಪ ಅಕ್ಕರೆಯೂ ಬಂತು. ಪಾಪ, ಎರಡು ದಿನ ಸುತ್ತಿಸಿದರೂ ಕೊನೆಗೆ ಮರೆಯಲಿಲ್ಲವಲ್ಲ ಎಂದುಕೊಂಡಳು.

ಹೋಟೆಲಿನ ಮಾಲೀಕ ಒಂದು ಏಪ್ರನ್ ಹಿಡಿದುಕೊಂಡು ಬಂದ. ಅದನ್ನು ಎರಡೂ ಕೈಯಿಂದ ಅವಳ ಮುಂದೆ ಚಾಚಿದ.

"ಬನ್ನಿ ಅಕ್ಕ. ಬಾಣಲೆ ಕಾದಿದೆ."

ಅವಳಿಗೆ ಅರ್ಥವಾಗಲಿಲ್ಲ. "ಯಾಕೆ?"

"ಸಾಹೇಬರು ಎಲ್ಲಾ ಹೇಳಿದ್ರು. ಎಂಭತ್ತು ಜನಕ್ಕೆ ಮಾಡೋ ಕೈ ಅಂತೆ. ನಮ್ಮ ಅಡುಗೆಯವನು ನಿನ್ನೆ ಹೇಳದೆ ಕೇಳದೆ ಬಿಟ್ಟುಹೋದ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು ಹನ್ನೆರಡೂವರೆಗೆ ಬಂದುಬಿಡ್ತಾರೆ, ಇಪ್ಪತ್ತು ಜನ. ನನಗೆ ಅನ್ನ ಇಡೋದು ಬಿಟ್ಟು ಬೇರೇನೂ ಬರಲ್ಲ. ದೇವರು ಬಂದ ಹಾಗೆ ಬಂದ್ರಿ."

ಅವಳು ಗಂಡನ ಕಡೆ ತಿರುಗಿದಳು. ಅವನ ಮುಖ ನಿಧಿ ಅಗೆದು ತೆಗೆದವನ ಹಾಗೆ ಹೊಳೆಯುತ್ತಿತ್ತು.

"ಒಂದೇ ಒಂದು ಗಂಟೆ ಕಣೇ. ಆಮೇಲೆ ಮೂವರಿಗೂ ಹೊಟ್ಟೆ ಬಿರಿಯೋ ಊಟ. ಮೀನೂ ಸೇರಿ! ನಿನ್ನ ದುಡ್ಡು ಹಾಗೇ ಉಳೀತು. ಇಷ್ಟು ದೊಡ್ಡ ಊರಲ್ಲಿ ನನಗೆ ನಂಬಿಕೆ ಇರೋದು ಒಂದೇ ಕೈ ಮೇಲೆ. ನೀನೇ ಮಾಡಿದ್ದು ಅಂದ್ರೆ ನಾನು ಚೆಕ್ ಮಾಡೋದೇ ಬೇಡ."

ಹೊಗಳಿದೆನೆಂದೇ ಅವನು ತಿಳಿದಿದ್ದ. ಅದೇ ಅವಳನ್ನು ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ಅವನು ಮಾತು ಮುಗಿಸುವಷ್ಟರಲ್ಲಿ ಅವಳು ಅರ್ಧ ಎದ್ದಿದ್ದಳು. ಒಂದು ಕೈ ಏಪ್ರನ್ನಿಗೆ ಚಾಚಿತ್ತು. ಇಪ್ಪತ್ತು ತಟ್ಟೆ ಎಂದರೆ ಎಷ್ಟು ಈರುಳ್ಳಿ ಎಂದು ತಲೆ ಆಗಲೇ ಹೆಚ್ಚತೊಡಗಿತ್ತು. ತನ್ನ ಮೈಯೇ ತನ್ನನ್ನು ಕೇಳದೆ ಕೆಲಸಕ್ಕೆ ಹೊರಟದ್ದನ್ನು ಅವಳು ಯಾರನ್ನೋ ನೋಡುವ ಹಾಗೆ ನೋಡಿದಳು.

ಮತ್ತೆ ಕೂತಳು. ಕುರ್ಚಿ ಕಿರ್ರೆಂದಿತು.

"ನಾನು ಏಳಲ್ಲ."

"ಏನು?"

"ನಾನು ಏಳಲ್ಲ ಅಂದೆ."

"ಲೇ, ನಾನು ಮಾತು ಕೊಟ್ಟಿದೀನಿ!"

"ಕೊಟ್ಟಿದ್ದು ಯಾರು? ನೀವು. ಹಾಗಾದ್ರೆ ನೀವೇ ಹೋಗಿ."

"ನನಗೇನು ಬರುತ್ತೆ?"

"ಇಪ್ಪತ್ತೆರಡು ವರ್ಷ ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಹೇಳಿದ್ರಲ್ಲ. ಅಷ್ಟು ಗೊತ್ತಿರೋರಿಗೆ ಒಂದು ಮೀನು ಹುರಿಯೋಕೆ ಬರಲ್ವಾ?"

ಗಂಡ ದಿಕ್ಕು ತೋಚದೆ ಅಕ್ಕನ ಕಡೆ ನೋಡಿದ. "ಅಕ್ಕಾ, ನೀನಾದ್ರೂ..."

ಅತ್ತಿಗೆ ಈಗ ತನ್ನ ಮೇಲೆ ಎರಗುತ್ತಾಳೆ ಎಂದು ಮೆಸ್ಸಕ್ಕ ಮೈ ಬಿಗಿಮಾಡಿಕೊಂಡಳು. ಆದರೆ ಅತ್ತಿಗೆ ತನ್ನ ಕುರ್ಚಿಯನ್ನು ಟೇಬಲ್ಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನನ್ನ ಯಾಕೋ ನೋಡ್ತೀಯಾ? ನಾನು ಒಲೆ ಮುಂದೆ ನಿಂತೇ ಐವತ್ತು ವರ್ಷ ಕಳೆದೆ. ನಿಮ್ಮ ಭಾವ ಇದ್ದಾಗಲೂ ಯಾರೂ ನನ್ನನ್ನ ಹೋಟೆಲಿಗೆ ಕರ್ಕೊಂಡು ಹೋಗ್ಲಿಲ್ಲ. ಈಗ ಬಂದಿದೀನಿ, ನಾನೂ ಏಳಲ್ಲ. ಹೋಗೋ, ಪಾಪ ಆ ಮನುಷ್ಯ ಕಾಯ್ತಾ ಇದಾನೆ."

ಮಾಲೀಕನಿಗೆ ಯಾರಾದರೇನು? ಏಪ್ರನ್ನನ್ನು ಸಾಹೇಬರ ಕೊರಳಿಗೆ ಹಾಕಿ ಒಳಗೆ ಕರೆದುಕೊಂಡು ಹೋದ.

ಕಷ್ಟ ಶುರುವಾದದ್ದು ಆಮೇಲೆ. ಬೆನ್ನ ಹಿಂದಿನ ಒಂದೊಂದು ಸದ್ದೂ ಮೆಸ್ಸಕ್ಕನಿಗೆ ಓದಿದ ಹಾಗೆ ಗೊತ್ತಾಗುತ್ತಿತ್ತು. ಈರುಳ್ಳಿಯ ಮೇಲೆ ಚಾಕು ಟಕ್, ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು ಟಕ್. ಹೀಗಾದರೆ ನಾಳೆ ಬೆಳಿಗ್ಗೆಗೆ ಮುಗಿಯುತ್ತದೆ. ಬಾಣಲೆ ಬರಿದೇ ಕಾಯುತ್ತಿದೆ. ಈಗ ಎಣ್ಣೆ ಬಿತ್ತು, ಜಾಸ್ತಿಯೇ ಬಿತ್ತು. ನೀರು ಒರೆಸದೆ ಮೀನು ಹಾಕಿದರೆ ಸಿಡಿಯುತ್ತದೆ ಎಂದು ಯಾರಾದರೂ ಹೇಳಬಾರದೇ? ಚಟಪಟ ಚಟಾರ್! "ಅಯ್ಯಯ್ಯೋ!" ಎಂದು ಗಂಡನ ದನಿ.

ಅವಳು ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಪ್ರೆಸ್ಸಿನವರು ಮಸಿಯ ಬೆರಳುಗಳ ಸಮೇತ ಬಂದು ಉಳಿದ ಐದು ಟೇಬಲ್ಲುಗಳನ್ನು ತುಂಬಿಕೊಂಡರು. ಒಬ್ಬ ಮೂಗು ಏರಿಸಿದ.

"ಒಳಗೆ ಯಾರಮ್ಮ ಇವತ್ತು?"

"ಹೊಸಬ," ಎಂದಳು ಅತ್ತಿಗೆ. "ಕೆಲಸ ಕಾಯಂ ಆಗಿಲ್ಲ."

"ಲೇ!" ಒಳಗಿನಿಂದ ಕೂಗು ಬಂತು. "ಉಪ್ಪು ಎಷ್ಟು ಹಾಕ್ಲೇ?"

ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, ತಿರುಗದೆಯೇ ಹೇಳಿದಳು: "ನನ್ನ ಕೇಳ್ಬೇಡಿ. ನಾನು ಗಿರಾಕಿ."

ಪ್ರೆಸ್ಸಿನವರು ಹೋ ಎಂದು ನಕ್ಕರು. ಆಮೇಲೆ ಸೀದ ವಾಸನೆ ಬಂತು. ಮೊದಲು ಎಳೆಯಾಗಿ, ನಂತರ ಇಡೀ ಹೋಟೆಲಿಗೆ.

"ಸೀದು ಹೋಗ್ತಿದೆ ಕಣೇ," ಎಂದಳು ಅತ್ತಿಗೆ ಮೆಲ್ಲಗೆ.

"ಗೊತ್ತು."

"ಒಂದು ನಿಮಿಷದ ಕೆಲಸ. ಬಾಣಲೆ ಇಳಿಸಿ ಬಂದುಬಿಡು."

"ಆ ಒಂದು ನಿಮಿಷಕ್ಕೆ ಎದ್ದೇ ಅತ್ತಿಗೆ ನಾನು ಹದಿನೆಂಟು ವರ್ಷ ನಿಂತಿದ್ದು."

ತನ್ನ ಕಿವಿಯಳತೆಯಲ್ಲಿ ಏನೊಂದೂ ಸೀಯಲು ಅವಳು ಈವರೆಗೆ ಬಿಟ್ಟವಳಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಗೋ, ಸಿಟ್ಟಿಗೋ, ಹಾಳಾಗುತ್ತಿರುವ ಮೀನಿನ ಮೇಲಿನ ಮರುಕಕ್ಕೋ ಅವಳಿಗೇ ತಿಳಿಯಲಿಲ್ಲ. ಎದ್ದರೆ ಎರಡು ಕ್ಷಣದಲ್ಲಿ ಎಲ್ಲ ಸರಿಯಾಗುತ್ತದೆ, ಇಪ್ಪತ್ತು ಜನ ಚಪ್ಪರಿಸಿಕೊಂಡು ಉಣ್ಣುತ್ತಾರೆ, ತಾನು ಮಾತ್ರ ಕಡೆಗೆ ತಳದಲ್ಲಿ ಉಳಿದದ್ದನ್ನು ನಿಂತು ಬಳಿದುಕೊಂಡು ಬಸ್ಸಿಗೆ ಓಡುತ್ತೇನೆ. ಅವಳು ಕಾಲಿನ ಮೇಲೆ ಕಾಲು ಹೆಣೆದು, ಅವು ಏಳದ ಹಾಗೆ ಕೂತಳು.

ಕೊನೆಗೆ ಗಂಡ ಹೊರಗೆ ಬಂದ. ತೋಳು ಒದ್ದೆ, ಹುಬ್ಬಿಗೆ ಹಿಟ್ಟು, ಮುಂಗೈಯಲ್ಲಿ ಕೆಂಪು ಬೊಕ್ಕೆ. ಪ್ರೆಸ್ಸಿನವರು ಕೂಗುತ್ತಿದ್ದರೂ ಮೊದಲು ಅವಳ ಟೇಬಲ್ಲಿಗೇ ಬಂದು ಬಡಿಸಿದ. ಅನ್ನ, ಎಣ್ಣೆಯಲ್ಲಿ ಮುಳುಗಿದ ತರಕಾರಿ, ಒಂದು ಕಡೆ ಕಪ್ಪು ಇನ್ನೊಂದು ಕಡೆ ಬಿಳುಪಾಗಿದ್ದ ಮೀನು. ಆವಿ ಅವಳ ಮುಖಕ್ಕೆ ಬಡಿಯಿತು. ತುತ್ತು ಬಾಯಿಗಿಟ್ಟಳು. ನಾಲಗೆ ಸುಟ್ಟಿತು. ಉಪ್ಪು ಎರಡು ಸಲ ಬಿದ್ದಿತ್ತು. ಎಂಥ ಅಡುಗೆ ಇದು, ದೇವರೇ! ಆದರೂ ಬಿಸಿಯಾಗಿತ್ತು. ಅವಳು ಇನ್ನೊಂದು ತುತ್ತು ತೆಗೆದುಕೊಂಡಳು, ಅಗಿದಳು, ಅವಸರ ಮಾಡದೆ ನುಂಗಿದಳು.

ಗಂಡ ಸೌಟು ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳು ಮೀನನ್ನು ಬಿಡಿಸಿ ನೋಡಿದಳು.

"ಒಳಗೆ ಬೆಂದಿಲ್ಲ. ತಗೊಂಡು ಹೋಗಿ ಇನ್ನೊಂದು ಸಲ ಹಾಕಿ. ಉರಿ ಸಣ್ಣಗಿರಲಿ."

"ಕಾಲು ಬಿದ್ದುಹೋಗಿದೆ ಕಣೇ," ಎಂದು ಅವನು ಪಕ್ಕದ ಕುರ್ಚಿ ಎಳೆದ. "ಒಂದು ನಿಮಿಷ ಕೂತು..."

"ಈಗ ಕೂತ್ಕೋಬೇಡಿ," ಎಂದಳು ಅವಳು. ದನಿ ಏರಲಿಲ್ಲ. "ನಾನಿನ್ನೂ ಊಟ ಮಾಡ್ತಾ ಇದೀನಿ."

ಹಿಂದಿನಿಂದ ಪ್ರೆಸ್ಸಿನವನೊಬ್ಬ "ಅಣ್ಣಾ, ಈ ಕಡೆ ಅನ್ನ!" ಎಂದ. ಅವನು ಕುರ್ಚಿ ಬಿಟ್ಟು, ಮೀನಿನ ತಟ್ಟೆಯನ್ನು ಕೈಗೆ ತೆಗೆದುಕೊಂಡ.

"ನಂದೂ ತಗೊಂಡು ಹೋಗೋ," ಎಂದು ಅತ್ತಿಗೆ ತನ್ನ ಮೀನಿನ ತಟ್ಟೆಯನ್ನೂ ಅದರ ಮೇಲೆ ಇಟ್ಟಳು.