ಬೆರಳು ತಿನ್ನುವ ಬಾಗಿಲು

ಮಗಳಿಗೆ ಜಡೆ ಹಾಕಲು ಕೂತವಳಿಗೆ ಬಲಗೈ ಎತ್ತುವಷ್ಟರಲ್ಲೇ ಜೀವ ಬಾಯಿಗೆ ಬಂತು. ರಟ್ಟಿನ ಡಬ್ಬಿ ಕಾರ್ಖಾನೆಯ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವಳ ಎರಡು ಬೆರಳು ಹೋಗಿ ಒಂಬತ್ತು ದಿನವಾಗಿತ್ತು. ಕೊನೆಗೆ ದರ್ಜಿ ಗಂಡನೇ ಬಂದು ಹೇಗೋ ಒಂದು ಜಡೆ ಹೆಣೆದ. ಹುಡುಗಿ ಕನ್ನಡಿ ನೋಡಿಕೊಂಡು ಮುಖ ಊದಿಸಿದಳು.

"ಸಂಜೆ ಸೂಪರ್‌ವೈಸರ್ ಬರ್ತಾರೆ. ಆ ಕಾಗದಕ್ಕೆ ಎಡಗೈಯಲ್ಲೇ ಒಂದು ಸಹಿ ಗೀಚಿಬಿಡು," ಎಂದ ಗಂಡ. "ಆಸ್ಪತ್ರೆ ಖರ್ಚು ಅವರೇ ಕೊಟ್ಟಿದ್ದಾರೆ. ದೊಡ್ಡವರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?"

ಸೂಪರ್‌ವೈಸರ್ ಮೊದಲೇ ತೋರಿಸಿ ಹೋಗಿದ್ದ ಆ ಕಾಗದದಲ್ಲಿದ್ದದ್ದು ಎರಡೇ ಮಾತು. ಗಾಯವಾದದ್ದು ಮನೆಯಲ್ಲಿ. ಕೆಲಸ ಬಿಡುತ್ತಿರುವುದು ಸ್ವಂತ ಇಷ್ಟದಿಂದ.

ಅವಳ ಮೈಯೆಲ್ಲ ಉರಿಯಿತು. ಆದರೆ ಏನೆಂದು ಹೇಳುವುದು? ಆ ಸುಳ್ಳು ಮೊದಲು ಹೊರಟದ್ದು ಅವಳ ಬಾಯಿಂದಲೇ. "ಹೇಗಾಯ್ತು?" ಎಂದು ಡಾಕ್ಟರ್ ಕೇಳಿದಾಗ ಪಕ್ಕದಲ್ಲಿ ಸೂಪರ್‌ವೈಸರ್ ನಿಂತಿದ್ದ. "ಮನೆ ಬಾಗಿಲಿಗೆ ಸಿಕ್ತು," ಎಂದಿದ್ದಳು. ಕಾರ್ಖಾನೆಯಲ್ಲಿ ಏಟು ಬಿದ್ದವರೆಲ್ಲ ಹಾಗೇ ಹೇಳಬೇಕು, ಇಲ್ಲದಿದ್ದರೆ ಮರುದಿನ ಕೆಲಸವಿಲ್ಲ. ಹೊಸಬರಿಗೆ ಕೆಲಸ ಕಲಿಸುವಾಗ ಹಳಬರು ಇದನ್ನೂ ಕಲಿಸುತ್ತಿದ್ದರು. ಅವಳೂ ಕಲಿಸಿದ್ದಳು.

ಮಧ್ಯಾಹ್ನ ಗಾಯದ ಪಟ್ಟಿ ಬದಲಿಸಲು ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಪಟ್ಟಿ ಬಿಚ್ಚಿದವಳು ಅವರ ಬೀದಿಯ ಕೊನೆಯ ಮನೆಯ ನರ್ಸಕ್ಕ. ಚೀಟಿ ಓದಿ ಅವಳು ತಲೆ ಎತ್ತಿದಳು.

"ನಿಮ್ಮ ಕಾರ್ಖಾನೆಯಿಂದ ಈ ವರ್ಷ ಬಂದವರಲ್ಲಿ ನೀನು ನಾಲ್ಕನೆಯವಳು. ನಾಲ್ಕೂ ಜನರ ಬೆರಳು ತಿಂದಿರೋದು ಮನೆ ಬಾಗಿಲೇ! ನಿಮ್ಮ ಮನೆ ಬಾಗಿಲುಗಳಿಗೆಲ್ಲ ಹಲ್ಲು ಬಂದಿದ್ಯಾ?"

ಗಂಡ ಪೆಚ್ಚಾದ. ಅವರ ಮನೆ ಬಾಗಿಲೆಂದರೆ ಬೆಕ್ಕು ತಳ್ಳಿದರೂ ತೆರೆದುಕೊಳ್ಳುವ ತಗಡು.

"ತಪ್ಪು ನಂದೇ ಅಕ್ಕ," ಎಂದಳು ಅವಳು. "ಕೈ ಒಳಗೆ ಹೋಗದ ಹಾಗೆ ಯಂತ್ರಕ್ಕೆ ಒಂದು ಜಾಲರಿ ಇರುತ್ತೆ. ಅದನ್ನ ಬಿಚ್ಚಿಟ್ಟಿದ್ವಿ."

"ಬಿಚ್ಚಿಸಿದ್ದು ಯಾರು?"

"ಸೂಪರ್‌ವೈಸರ್. ಜಾಲರಿ ಇದ್ರೆ ಕೆಲಸ ನಿಧಾನ ಅಂತ."

"ಮತ್ತೆ ತಪ್ಪು ನಿಂದು ಹೇಗಾಯ್ತೇ?"

ಒಂಬತ್ತು ದಿನ ಅದುಮಿಟ್ಟ ಸಿಟ್ಟು ಉಕ್ಕಿ ಬಂತು. "ಹನ್ನೊಂದು ವರ್ಷ ದುಡಿಸ್ಕೊಂಡ್ರು. ಬೆರಳೂ ಹೋಯ್ತು. ಸುಳ್ಳನ್ನೂ ನನ್ನ ಬಾಯಲ್ಲೇ ಹೇಳಿಸಿದ್ರು! ನಾನೂ ಆ ಹೊಸ ಹುಡುಗೀರಿಗೆ ಅದನ್ನೇ ಹೇಳ್ಕೊಟ್ಟೆನಲ್ಲ, ನನಗೇನು ಬಂದಿತ್ತು ಕೇಡು?"

"ಆದ್ರೂ ಖರ್ಚು ಕೊಟ್ಟಿದ್ದಾರಲ್ಲ ನರ್ಸಕ್ಕ," ಎಂದ ಗಂಡ, ಮೆಲ್ಲಗೆ.

"ಮನೇಲಿ ಆದ ಗಾಯಕ್ಕೆ ಮಾಲೀಕ ಯಾಕಪ್ಪ ಖರ್ಚು ಕೊಡ್ತಾನೆ? ನೀನೇ ಯೋಚನೆ ಮಾಡು."

ದರ್ಜಿ ತಲೆ ಕೆರೆದುಕೊಂಡ. ಇದು ಅವನಿಗೆ ಹೊಳೆದೇ ಇರಲಿಲ್ಲ.

"ಈಗಲೇ ಡಾಕ್ಟರಿಗೆ ನಿಜ ಹೇಳಿ ಬರೆಸು, ನಕಲು ತಗೋ," ಎಂದಳು ನರ್ಸಕ್ಕ. "ಯಾವ ದಿನ, ಎಷ್ಟು ಹೊತ್ತಿಗೆ ಆಯ್ತು, ಯಾರು ನೋಡಿದ್ರು ಎಲ್ಲ ಬರೆದಿಡು. ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಪರಿಹಾರಕ್ಕೆ ಅರ್ಜಿ ಕೊಡು. ಅದಕ್ಕೆ ಗಡುವು ಇರುತ್ತೆ, ದಿನ ತಳ್ಳಬೇಡ."

"ಮೊದಲೇ ಹೇಳಬಾರದಿತ್ತಾ?" ಎಂದು ಡಾಕ್ಟರ್ ಗದರಿದರು. ಆದರೂ ಹಳೆಯ ಸಾಲಿನ ಕೆಳಗೆ ತಿದ್ದಿದ ದಿನದ ತಾರೀಕು ಹಾಕಿ ಅವಳು ಹೇಳಿದ್ದನ್ನು ಬರೆದರು.

ಸಂಜೆ ಸೂಪರ್‌ವೈಸರ್ ನಗುನಗುತ್ತಾ ಬಂದ. "ಪಾಪ, ಸಹಿ ಹಾಕೋಕೆ ಕಷ್ಟ ಅಲ್ವಾ? ಅದಕ್ಕೇ ಇಂಕ್ ಪ್ಯಾಡ್ ತಂದಿದ್ದೀನಮ್ಮ. ಎಡಗೈ ಹೆಬ್ಬೆಟ್ಟು ಸಾಕು."

ಹೆಂಡತಿ ಬಾಯಿ ತೆರೆಯುವ ಮೊದಲೇ ಗಂಡ ಹೊಲಿಗೆ ಯಂತ್ರ ಬಿಟ್ಟು ಎದ್ದ. "ಏನ್ರೀ, ಎರಡು ಬೆರಳು ತಗೊಂಡಿದ್ದು ಸಾಲದು ಅಂತ ಹೆಬ್ಬೆಟ್ಟೂ ಬೇಕಾ ನಿಮಗೆ?"

"ಏಟು ಬಿದ್ದಿದ್ದು ನಿಮ್ಮ ಯಂತ್ರದಲ್ಲಿ," ಎಂದಳು ಅವಳು. "ಆಸ್ಪತ್ರೆಯಲ್ಲಿ ಬರೆಸಿ ಬಂದಿದ್ದೀನಿ. ನಾಳೆ ಕಾರ್ಮಿಕ ಕಚೇರಿಗೆ ಹೋಗ್ತೀನಿ. ಬೆರಳು ಕಳ್ಕೊಂಡ ಉಳಿದ ಮೂವರನ್ನೂ ಕರ್ಕೊಂಡು."

ಸೂಪರ್‌ವೈಸರ್ ಕಾಗದ ಮಡಚಿಕೊಂಡು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಕೆಲಸದ ಜಾಗದಲ್ಲಿ ನಿಮಗೂ ಏಟು ಬಿದ್ದರೆ "ಹೇಗಾಯ್ತು?" ಎಂದು ಡಾಕ್ಟರ್ ಕೇಳಿಯೇ ಕೇಳುತ್ತಾರೆ. ಪಕ್ಕದಲ್ಲಿ ಯಾರೇ ನಿಂತಿರಲಿ, ಆದದ್ದನ್ನು ಆದ ಹಾಗೇ ಹೇಳಿ. ಹೆದರಿ ಆಗಲೇ ಸುಳ್ಳು ಹೇಳಿದ್ದೀರಾ? ಹೋಗಿ ತಿದ್ದಿಸಿ. ಸುಳ್ಳು ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಪರಿಹಾರ ಕೇಳುವುದಕ್ಕೆ ನೀವೇಕೆ ನಾಚಬೇಕು? ನಾಚಬೇಕಾದವರು ಬೇರೆ ಇದ್ದಾರೆ. ಇವತ್ತೇ ಹೋಗಿ ಕೇಳಿ.