ನಾಲ್ಕನೆಯ ಮೊಳೆ

ಚೆಂಡು ವಿಲ್ಕಿನ್‌ನ ಎರಡು ಕಾಲುಗಳ ನಡುವೆ ನುಸುಳಿ ಹಿಂದಿನ ಹುಲ್ಲಿಗೆ ಹೋಗಿ ನಿಂತಾಗ ನಿಕಾನೋರ್ ಲಾಂತಿಗುವಾ ಬೇಸ್‌ಬಾಲ್ ಮೈದಾನದ ಮೊದಲ ಬೇಸಿನ ಮೇಲೆ ಕಾಲಿಟ್ಟಾಗಿತ್ತು. ಏದುಸಿರು ಬಿಡುತ್ತ, ನೋಯುವ ಬಲಮೊಣಕಾಲನ್ನು ಅಂಗೈಯಿಂದ ಒತ್ತಿಕೊಳ್ಳುತ್ತ, ಇದು ಲೆಕ್ಕಕ್ಕಿಲ್ಲ ಅಂದುಕೊಂಡ. ಅಷ್ಟು ಮೆತ್ತಗೆ ಉರುಳಿಕೊಂಡು ಹೋದ ಚೆಂಡು ಅದು. ಎದುರು ತಂಡದ ವಿಲ್ಕಿನ್ ಅಂಥದನ್ನು ನಿದ್ದೆಗಣ್ಣಿನಲ್ಲೂ ಹಿಡಿಯಬಲ್ಲವನು. ಹಿಡಿಯಬೇಕಾದವನು ಬಿಟ್ಟರೆ ಅದು ಬಿಟ್ಟವನ ತಪ್ಪು, ಹೊಡೆದವನ ಹಿಟ್ ಅಲ್ಲ. ಕಬ್ಬಿನ ಗದ್ದೆಯ ಬದಿಯಲ್ಲಿ ಕೋಲು ಹಿಡಿದು ಆಡುವ ಮಕ್ಕಳಿಗೂ ಗೊತ್ತಿರುವ ಮಾತು.

ಅಷ್ಟರಲ್ಲಿ ಪಟಾಕಿ ಸಿಡಿಯಿತು.

ನಿಕಾನೋರ್ ಎಡಗಡೆಯ ಗೋಡೆ ನೋಡಿದ. ಈ ವರ್ಷ ಅವನಿಗೆಂದೇ ಅಲ್ಲೊಂದು ಕರಿ ಹಲಗೆ ನಿಲ್ಲಿಸಿದ್ದರು. ಮೂರು ಮೊಳೆ, ಮೂರು ತಗಡು, ಮೂರರಲ್ಲೂ ಒಂಬತ್ತು. ಮೂರು ವಾರದಿಂದ ಆ ತಗಡುಗಳು ಅಲುಗಾಡಿರಲಿಲ್ಲ. ಇವತ್ತು ಬೆಳಿಗ್ಗೆ ಅವನು ಮೈ ಸಡಿಲಿಸುತ್ತಿದ್ದಾಗ, ಅವನ ಕಣ್ಣೆದುರಿಗೇ ನಾಲ್ಕನೆಯ ಮೊಳೆ ಹೊಡೆದಿದ್ದರು. ಈಗ ಏಣಿ ಹತ್ತಿದವನು ಒಂಬತ್ತುಗಳನ್ನು ಕಿತ್ತು ಒಂದರ ಪಕ್ಕ ಮೂರು ಸೊನ್ನೆ ನೇತುಹಾಕುತ್ತಿದ್ದ.

"ಸಾವಿರ!" ಅಂತ ಧ್ವನಿವರ್ಧಕ ಅರಚಿತು. "ನಮ್ಮ ಸಕ್ಕರೆ ಗಿರಣಿಯ ಮಗ, ನಮ್ಮ ನಿಕಾ, ಸಾವಿರ ಹಿಟ್!"

ಆಟ ನಿಂತಿತು. ತಾಂಬೋರಾ ಡೋಲುಗಳು ಮೊಳಗಿದವು. ನಾಲ್ಕು ಜನ ಬಾಗಿಲಗಲದ ಕೇಕೊಂದನ್ನು ಹೊತ್ತು ಮೈದಾನಕ್ಕೆ ಇಳಿದರು. ಐದು ಗಂಟೆಗೆ ರಾಜಧಾನಿಗೆ ಹೊರಡಬೇಕಿದ್ದ ಶಾಸಕ ಟೈ ಸರಿಮಾಡಿಕೊಂಡ. ಎಲ್ಲರೂ ಮೊದಲೇ ಸಿದ್ಧವಾಗಿದ್ದರು. ಅದನ್ನು ಕಂಡೇ ನಿಕಾನೋರನಿಗೆ ಸಿಟ್ಟೇರಿತು, ತಲೆ ಎತ್ತಿ ಮೇಲೆ ನೋಡಿದ.

ಹಿಟ್ ಹೌದೋ, ತಪ್ಪೋ ಅಂತ ತೀರ್ಮಾನ ಮಾಡುವವನು ಈ ಮೈದಾನದಲ್ಲಿ ಒಬ್ಬನೇ. ಪ್ರೇಕ್ಷಕರ ನೆತ್ತಿಯ ಮೇಲಿನ ಮರದ ಗೂಡಿನಲ್ಲಿ ಪೆನ್ಸಿಲ್ ಹಿಡಿದು ಕೂರುವ ಡಾನ್ ಫುಲ್ಹೆನ್ಸಿಯೊ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ. ಹಿಂದೆ ಗಿರಣಿಯ ಶಾಲೆಯಲ್ಲಿ ಮೇಷ್ಟರಾಗಿದ್ದವನು, ಅದಕ್ಕೇ ಹೆಸರಿನ ಮುಂದೆ ಗೌರವದ 'ಡಾನ್'. ನಿಕಾನೋರನ ಮಗಳಿಗೆ ದೀಕ್ಷಾಸ್ನಾನವಾದಾಗ ಅವಳನ್ನು ಕೈಯಲ್ಲಿ ಹಿಡಿದು ನಿಂತವನೂ ಅವನೇ. ಆ ದಿನದಿಂದ ಇಬ್ಬರೂ ಒಬ್ಬರಿಗೊಬ್ಬರು 'ಕೊಂಪಾಯ್'. ಕೊಂಪಾಯ್ ಆದವರು ಏಕವಚನದಲ್ಲಿ ಮಾತಾಡುವಂತಿಲ್ಲ, ಜಗಳವಾಡುವಂತಿಲ್ಲ. ದೇವರ ಮುಂದೆ ಕಟ್ಟಿದ ಗಂಟು, ಒಡಹುಟ್ಟಿದವರದಕ್ಕಿಂತ ಬಿಗಿ.

ಜನರ ಬಾಯಿಗೆ ಅಷ್ಟು ಸಾಕಾಗಿತ್ತು. ಎದುರು ತಂಡದವರ ಕಡೆ ಕಡಲೇಕಾಯಿ ಮಾರುವ ಚೀಚೊ ಹದಿನಾಲ್ಕು ವರ್ಷದಿಂದ ಒಂದೇ ಮಾತನ್ನು ಕೂಗುತ್ತ ಬಂದಿದ್ದ. ಇವತ್ತೂ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೇ ಎದ್ದು ನಿಂತ.

"ಏ ನಿಕಾ! ನಿನ್ ಕೊಂಪಾಯ್‌ಗೆ ಹೊಸ ಪೆನ್ಸಿಲ್ ಕೊಡ್ಸಪ್ಪಾ! ಹಳೇದು ನಿನ್ ಹಿಟ್ ಬರ್ದು ಬರ್ದೇ ಸವೆದೋಯ್ತು!"

ಜನ ಗೊಳ್ಳೆಂದರು. ಪ್ರತಿ ಸಲ ನಿಕಾನೋರ್ ಒಂದು ಮಾತು ತಿರುಗಿಸಿ ಒಗೆಯುತ್ತಿದ್ದ: "ನಿನ್ ಕಡಲೇಕಾಯಿ ಥರಾನೇ ಕಣೋ ನಿನ್ ಮಾತು, ಸಿಪ್ಪೆ ಜಾಸ್ತಿ." ಆದರೆ ಇವತ್ತು ಚೀಚೊ ಹೇಳಿದ್ದು ನಿಜವಾಗಿತ್ತು.

ಅವನಿಗೆ ಎಲ್ಲವೂ ನೆನಪಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಹಿಟ್. ಬ್ಯಾಟು ನಡುವೆ ಸೀಳಿತ್ತು, ಅಪ್ಪ ಅದಕ್ಕೆ ತಂತಿ ಸುತ್ತಿ ಕೊಟ್ಟಿದ್ದ. ನೂರನೆಯದು ಜ್ವರದಲ್ಲಿ. ಐನೂರನೆಯದು ಮಗಳು ಹುಟ್ಟಿದ ವರ್ಷ. ನಡುವೆ ಉತ್ತರದ ದೇಶದವರು ಎರಡು ಬೇಸಿಗೆ ಕರೆಸಿಕೊಂಡು ಆಡಿಸಿ, ಮೊಣಕಾಲು ಕೆಟ್ಟ ಮೇಲೆ ವಾಪಸು ಕಳಿಸಿದ್ದರು. ಆ ಮೊಣಕಾಲಿನಲ್ಲೇ ಇನ್ನೂ ನಾನೂರು. ಎಲ್ಲಕ್ಕಿಂತ ಹೆಚ್ಚಾಗಿ ಒಂಬತ್ತು ವರ್ಷದ ಹಿಂದಿನ ಆ ಭಾನುವಾರ ನೆನಪಿತ್ತು. ಸತತ ಇಪ್ಪತ್ತೇಳು ಆಟಗಳಲ್ಲಿ ಹಿಟ್ ಹೊಡೆದಿದ್ದ. ಇನ್ನೊಂದಾಗಿದ್ದರೆ ಈ ಮೈದಾನದ ದಾಖಲೆ. ಇಪ್ಪತ್ತೆಂಟನೆಯ ಆಟದಲ್ಲಿ ಇಂಥದೇ ಚೆಂಡು, ಫುಲ್ಹೆನ್ಸಿಯೊ ತಪ್ಪು ಅಂತ ಬರೆದ. ಆ ಸಂಜೆ ಅವನ ಮನೆಯಲ್ಲೇ ಕೂತು ಇಬ್ಬರೂ ಆಡಿನ ಮಾಂಸದ ಸಾರು ಉಂಡರು. ಆ ವಿಷಯ ಇಬ್ಬರೂ ಎತ್ತಲಿಲ್ಲ. ಅವತ್ತಿನಿಂದ ನಿಕಾನೋರ್ ತನ್ನ ಒಂದೊಂದು ಹಿಟ್ ಅನ್ನೂ ಎದೆ ಮುಟ್ಟಿ ನನ್ನದು ಅನ್ನುತ್ತಿದ್ದ.

ಶಾಸಕ ಕೈ ಚಾಚಿದ. ನಿಕಾನೋರ್ ಅವನನ್ನೂ ಕೇಕನ್ನೂ ದಾಟಿ, ಬೇಲಿಯ ಬಾಗಿಲು ತಳ್ಳಿ, ಸಿಮೆಂಟಿನ ಮೆಟ್ಟಿಲು ಹತ್ತತೊಡಗಿದ. ಬೂಟಿನ ಮುಳ್ಳುಗಳು ಕಟಕಟ ಸದ್ದು ಮಾಡಿದವು. ಮಗಳಿಗೆ ಮುತ್ತು ಕೊಡಲು ಹೊರಟಿದ್ದಾನೆ ಅಂದುಕೊಂಡು ಜನ ಚಪ್ಪಾಳೆ ತಟ್ಟುತ್ತ ದಾರಿ ಬಿಟ್ಟರು. ಅವನು ಮಗಳ ಸಾಲನ್ನೂ ದಾಟಿ ಮೇಲೆ ಹೋದ.

ಗೂಡಿನೊಳಗೆ ಫುಲ್ಹೆನ್ಸಿಯೊ ಎದ್ದು ನಿಂತಿದ್ದ. ಮೇಜಿನ ಮೇಲೆ ಕಾಫಿ ಬಟ್ಟಲು, ಪುಸ್ತಕ, ಪೆನ್ಸಿಲ್.

"ಬನ್ನಿ ಕೊಂಪಾಯ್. ಕೂತ್ಕೊಳಿ, ಕಾಲು ನೋಯ್ತಿರುತ್ತೆ."

"ಏನು ಬರ್ದಿದೀರಿ?"

"ಹಿಟ್."

"ಯಾವ ಚೆಂಡಿಗೆ?"

"ಕಲ್ಲಿಗೆ ತಗುಲಿ ಪುಟಿದ ಹಾಗೆ ಕಾಣ್ತು."

"ನನ್ ಮುಖ ನೋಡಿ ಹೇಳಿ."

ಫುಲ್ಹೆನ್ಸಿಯೊ ಮುಖ ನೋಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಕೆಳಗೆ ಡೋಲುಗಳು ಮೊಳಗುತ್ತಲೇ ಇದ್ದವು.

"ಮೂರು ವಾರದಿಂದ ನೋಡ್ತಾನೇ ಇದೀನಿ, ಕೊಂಪಾಯ್. ಮೊಣಕಾಲು ಮುಗಿದೋಗಿದೆ. ಇವತ್ತು ಈ ವರ್ಷದ ಕಡೇ ಆಟ. ಮುಂದಿನ ವರ್ಷ ನಿಮ್ಮನ್ನ ಕರಿಯಲ್ಲ, ನನ್ನನ್ನೂ ಕರಿಯಲ್ಲ. ನಿಮ್ಮಿಂದ ಆಗಲ್ಲ ಅಂತ ನನ್ ಕಣ್ಣಿಗೆ ಕಾಣ್ತಿತ್ತು. ನಿಮ್ ಮೊದಲನೇದು ಬರ್ದೋನು ನಾನು. ಕಡೇದೂ ನನ್ ಕೈಯಲ್ಲೇ ಆಗ್ಲಿ ಅಂತ… ಒಂದೇ ಒಂದು. ಮೂವತ್ತೊಂದು ವರ್ಷಕ್ಕೆ ಒಂದೇ ಒಂದು."

"ಒಂದೇ ಅಂತ ಯಾರಿಗೆ ಗೊತ್ತಾಗುತ್ತೆ?"

ಮುದುಕ ತಲೆ ಎತ್ತಿದ.

"ಹೇಳು! ಯಾರಿಗೆ ಗೊತ್ತಾಗುತ್ತೆ?" ನಿಕಾನೋರ್ ಮೇಜು ಗುದ್ದಿದ. ಕಾಫಿ ಚೆಲ್ಲಿತು. "ನಾಳೆಯಿಂದ ಆ ಚೀಚೊ ಕೂಗಿದ್ದೆಲ್ಲಾ ನಿಜ. ಸಾವಿರಾನೂ ನಿನ್ ಪೆನ್ಸಿಲ್‌ದು. ನಾನೇನ್ ಮಾಡ್ದೆ ಇಪ್ಪತ್ತೆರಡು ವರ್ಷ? ಬಿಸಿಲಲ್ಲಿ ಬಟ್ಟೆ ಒಣಗ್ಸೋಕೆ ನಿಂತಿದ್ನಾ? ನನಗೆ ಭಿಕ್ಷೆ ಹಾಕ್ದೆಯಲ್ಲಾ ನೀನು! ನೀನು!"

ಆ 'ನೀನು' ಗೂಡಿನೊಳಗೆ ಬಿತ್ತು. ಹದಿನೇಳು ವರ್ಷದಲ್ಲಿ ಅದು ಮೊದಲ ಸಲ. ಫುಲ್ಹೆನ್ಸಿಯೊ ಕನ್ನಡಕವನ್ನು ಮತ್ತೆ ಕಣ್ಣಿಗೇರಿಸಿದ. ನಿಕಾನೋರನಿಗೂ ತನ್ನ ಬಾಯಿಂದ ಏನು ಹೋಯಿತು ಅಂತ ತಿಳಿಯಿತು. ಆದರೆ ಅದನ್ನು ವಾಪಸು ತೆಗೆದುಕೊಳ್ಳುವಷ್ಟು ಸಿಟ್ಟು ಇಳಿದಿರಲಿಲ್ಲ.

"ಅಳಿಸು," ಅಂದ.

ಮುದುಕ ಕೂತು, ಕರವಸ್ತ್ರದಿಂದ ಪುಸ್ತಕದ ಅಂಚಿನ ಕಾಫಿ ಒತ್ತಿ ತೆಗೆದ. ಪೆನ್ಸಿಲ್ ತಿರುಗಿಸಿ, ಹಿಂಬದಿಯ ರಬ್ಬರಿನಿಂದ ನಿಧಾನವಾಗಿ ಉಜ್ಜಿದ. ಪುಡಿಯನ್ನು ಊದಿದ. ಆಮೇಲೆ ಕಿಟಕಿಗೆ ಹೋಗಿ ಗೋಡೆಯ ಕಡೆ ಕೈಸನ್ನೆ ಮಾಡಿದ.

ಡೋಲುಗಳು ಒಂದೊಂದಾಗಿ ನಿಂತವು. ಏಣಿಯವನು ಸೊನ್ನೆಗಳನ್ನು ಕಿತ್ತು ಒಂಬತ್ತುಗಳನ್ನು ತೂಗುಹಾಕಿದ. ನಾಲ್ಕನೆಯ ಮೊಳೆ ಖಾಲಿ ಉಳಿಯಿತು. ಜನ ಮೊದಲು ಬೆಪ್ಪಾದರು, ಆಮೇಲೆ ಕೂಗಿದರು. ಕಿತ್ತಲೆ ಸಿಪ್ಪೆ ಮೈದಾನಕ್ಕೆ ಬಿತ್ತು. ತಂಡದ ಹಿರಿಯ ಓಡಿ ಬಂದು "ತಲೆ ಕೆಟ್ಟಿದ್ಯೇನೋ ನಿಂಗೆ? ಶಾಸಕರಿಗೆ ಏನ್ ಹೇಳ್ಲಿ?" ಅಂದ. "ಕೇಕ್ ತಿನ್ನು ಅಂತ ಹೇಳು," ಅಂದ ನಿಕಾನೋರ್.

ಮೊದಲ ಬೇಸಿನತ್ತ ಹಿಂತಿರುಗುವಾಗ ವಿಲ್ಕಿನ್ ಎದುರಾದ. ಇಪ್ಪತ್ತೆರಡರ ಹುಡುಗ, ಮುಖ ಬಿಳಿಚಿಕೊಂಡಿತ್ತು. ತಪ್ಪು ಈಗ ಅವನ ಹೆಸರಿಗೆ ಬಿದ್ದಿತ್ತು.

"ಡಾನ್ ನಿಕಾ, ಬಿಸಿಲು ಕಣ್ಣಿಗೆ ಹೊಡೀತು. ಬೇಕು ಅಂತ ಬಿಡ್ಲಿಲ್ಲ, ನಮ್ಮಮ್ಮನಾಣೆ."

"ಗೊತ್ತು ಕಣೋ. ಬೇಕು ಅಂತ ಬಿಟ್ಟಿದ್ರೆ ಈ ಬ್ಯಾಟು ನಿನ್ ಬೆನ್ನ ಮೇಲೆ ಮುರಿದಿರ್ತಿತ್ತು. ಇನ್ನೊಂದು ಸಲ ಬಂದ್ರೆ ಬಿಡಬೇಡ."

ಇನ್ನೊಂದು ಸಲ ಬಂದಿತು. ಕಡೆಯ ಸುತ್ತಿನಲ್ಲಿ ನಿಕಾನೋರನ ಸರದಿ. ಎಲ್ಲ ಸಿಟ್ಟನ್ನೂ ಬ್ಯಾಟಿನ ತುದಿಗೆ ತಂದು ಬೀಸಿದ. ಸದ್ದು ಕೇಳಿದೊಡನೆ ಕೂಗುತ್ತಿದ್ದವರೆಲ್ಲ ಎದ್ದು ನಿಂತರು. ಮೂರು ವಾರದಲ್ಲಿ ಹಾಗೆ ತಗುಲಿರಲಿಲ್ಲ. ಚೆಂಡು ನೆಲದಿಂದ ಒಂದು ಗೇಣು ಮೇಲೆ ಕತ್ತಿಯಂತೆ ಹೋಯಿತು. ವಿಲ್ಕಿನ್ ಮಣ್ಣಿನ ಮೇಲೆ ಉದ್ದಕ್ಕೆ ಹಾರಿದ. ಒಮ್ಮೆ ನೆಲ ಮುಟ್ಟಿ ಎದ್ದ ಚೆಂಡು ಅವನ ಗ್ಲೌಸಿನ ತುದಿಗೆ ಸಿಕ್ಕಿತು. ಮಂಡಿಯೂರಿಯೇ ಎಸೆದ. ನಿಕಾನೋರ್ ಕುಂಟುತ್ತ, ಹಲ್ಲು ಕಚ್ಚಿಕೊಂಡು ಓಡಿದ. ಚೆಂಡು ಮೊದಲು ಬಂತು, ಕಾಲು ಆಮೇಲೆ. ಅರ್ಧ ಹೆಜ್ಜೆಯಲ್ಲಿ ಔಟ್.

"ಮುಟ್ಟಿದಾನೆ! ಕಳ್ಳ ಅಂಪೈರ್!" ಅಂತ ಇಡೀ ಗಿರಣಿಯೇ ಕೂಗಿತು. ನಿಕಾನೋರ್ ಯಾರ ಕಡೆಗೂ ನೋಡಲಿಲ್ಲ. ಚೀಚೊ ಮಾತ್ರ ಬುಟ್ಟಿ ಕೆಳಗಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಪ್ರತಿ ಭಾನುವಾರ ಆಟ ಮುಗಿದ ಮೇಲೆ ಫುಲ್ಹೆನ್ಸಿಯೊ ಹಿಂಬಾಗಿಲ ಬಳಿ ತನ್ನ ಹಳೆಯ ಮೋಟಾರುಬೈಕು ನಿಲ್ಲಿಸಿಕೊಂಡು ಕಾಯುವುದು, ನಿಕಾನೋರ್ ಬಂದು ಹಿಂದೆ ಕೂರುವುದು. ಇವತ್ತೂ ಅವನು ಅಲ್ಲೇ ಇದ್ದ. ಹಿಂದಿನ ಸೀಟಿನ ಧೂಳು ಒರೆಸಿಟ್ಟಿದ್ದ. ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದ.

ನಿಕಾನೋರ್ ಚೀಲವನ್ನು ಹೆಗಲು ಬದಲಿಸಿ ಅವನನ್ನು ದಾಟಿ ನಡೆದ. ಗಿರಣಿಯ ಕಡೆಗೆ ಹೋಗುವ ರಸ್ತೆ, ಎರಡೂ ಬದಿ ಆಳುದ್ದದ ಕಬ್ಬು, ಇಳಿಬಿಸಿಲು. ಮೊಣಕಾಲು ಒಂದೊಂದು ಹೆಜ್ಜೆಗೂ ಚುಚ್ಚುತ್ತಿತ್ತು. ಸ್ವಲ್ಪ ದೂರ ಹೋದಮೇಲೆ ಬೆನ್ನ ಹಿಂದೆ ಎಂಜಿನ್ ಸದ್ದು ಕೇಳಿಸಿತು. ಹತ್ತಿರ ಬರಲೂ ಇಲ್ಲ, ಹಿಂದೆ ಉಳಿಯಲೂ ಇಲ್ಲ. ಅವನು ಕುಂಟುವ ವೇಗಕ್ಕೇ ಇಳಿಸಿದ ಸದ್ದು, ಆಗಾಗ ನಿಂತುಹೋಗುವಂತಾಗಿ ಮತ್ತೆ ಗುರುಗುಟ್ಟುತ್ತ ಹಿಂದೆಯೇ ಬರುತ್ತಿತ್ತು.